ಚಾಂದಬೀ ಆಪಾ ಎಣಿಸಿದ ದಿನಗಳು

ಹೋದ ವರ್ಷ ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಹೊಟ್ಟೆ ಸಣ್ಣ ಮಾಡಿಸುವ ಆಪರೇಷನ್ ಮಾಡಿಸಿಕೊಂಡು, ನಾಲ್ಕನೇ ದಿನಕ್ಕೆ ತಾನೇ ನಡೆದುಕೊಂಡು ಮನೆಗೆ ಬಂದಳು. ನೋಡಲು ಹೋಗಿದ್ದೆ. ಆಸ್ಪತ್ರೆಯವರು ಕೊಟ್ಟಿದ್ದ ಕಾಗದವೊಂದನ್ನು ಹಾಸಿಗೆಯ ಮೇಲೆ ಕೂತು ಗಟ್ಟಿಯಾಗಿ ಓದಿದಳು. ನೀರು ಗುಟುಕು ಗುಟುಕಾಗಿ ಕುಡಿಯಬೇಕು, ಆದರೆ ದಿನವಿಡೀ ಕುಡಿಯುತ್ತಲೇ ಇರಬೇಕು. ಕಬ್ಬಿಣದ ಗುಳಿಗೆಯಿಂದ ಮಲ ಗಟ್ಟಿಯಾಗಬಹುದು. ಮೂರು ದಿನ ಆಗದಿದ್ದರೆ ಕೆಳಗಿನ ನಂಬರಿಗೆ ಫೋನ್ ಮಾಡಿರಿ.

“ಸಂಡಾಸ ಆಗ್ಲಿಲ್ಲಂದ್ರ ಫೋನ್ ಮಾಡಬೇಕಂತ, ನೋಡು ದೊಡ್ಡವ್ವಾ!” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ಕಾಗದದ ಹತ್ತು ಸಾಲು ನನಗೆ ಹಿಂದೊಮ್ಮೆ, ಕಾಳಗಿಯಲ್ಲಿ, ಒಂದು ಬೇಸಿಗೆಯ ಮಟ್ಟಿಗೆ ಬೇಕಾಗಿದ್ದವು. ಆಗ ಅದು ಯಾರ ಹತ್ತಿರವೂ ಇರಲಿಲ್ಲ. ಇದ್ದರೂ ಅದು ಮುಂಬಯಿಯಲ್ಲಿ ಎಲ್ಲೋ ಇತ್ತು.

ಆಗ ನನಗೆ ಇಪ್ಪತ್ನಾಲ್ಕು. ಶಹಾಬಾದಿನ ಗಣಿಯಲ್ಲಿ ನೆಲಕ್ಕೆ, ಮಾಳಿಗೆಗೆ ಹಾಸುವ ಫರಸಿ ಕಲ್ಲು ಒಡೆಯುತ್ತಿದ್ದವನ ಮಗಳು ನಾನು. ನರ್ಸ್ ಟ್ರೇನಿಂಗ್ ಮುಗಿಸಿ ಕಾಳಗಿಯ ಸರ್ಕಾರಿ ದವಾಖಾನೆಗೆ ಬಂದು ಒಂದೂವರೆ ವರ್ಷವಾಗಿತ್ತು. ಕಾಳಗಿ ಆಗಿನ್ನೂ ಚಿತ್ತಾಪುರ ತಾಲೂಕಿನಲ್ಲೇ ಇತ್ತು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಉಳಿದ ದಿನ ಹೆರಿಗೆ, ಸೂಜಿ, ಜ್ವರ, ಚೇಳು ಕಡಿದದ್ದು ಎಲ್ಲವೂ ನನ್ನ ಪಾಲಿಗೆ. ಊರಿಗೆಲ್ಲ ನಾನು ‘ನರ್ಸಬಾಯಿ’.

ಬಸ್ ನಿಲ್ದಾಣದ ಎದುರಿಗೆ ಇಮಾಮಸಾಬರ ಹೋಟೆಲಿತ್ತು. ನಾಲ್ಕು ಕಂಬ, ಮೇಲೆ ತಗಡು. ಮುಂದೆ ಇಮಾಮಸಾಬರು ಚಹಾ ಕೊಡುತ್ತಿದ್ದರು, ಒಳಗೆ ಒಲೆಯ ಮುಂದೆ ಅವರ ಹೆಂಡತಿ ಚಾಂದಬೀ ನೆನೆಸಿದ ಚುರುಮುರಿಯ ಸುಸಲಾ ಕಲೆಸುತ್ತ, ಮಿರ್ಚಿ ಭಜಿ ಕರಿಯುತ್ತ ಕೂತಿರುತ್ತಿದ್ದಳು. ಸೇಡಂ ಬಸ್ಸಿನ ಡ್ರೈವರುಗಳು ಊರು ಹೊಕ್ಕುವ ಮೊದಲೇ ಎರಡು ಸಲ ಹಾರ್ನ್ ಹೊಡೆದರೆ ಎರಡು ಪ್ಲೇಟು ಎಂದು ಅರ್ಥ. ಅವಳನ್ನು ನಾನು ಅವರ ಮಾತಿನಲ್ಲಿ ಅಕ್ಕ ಎನ್ನುವಂತೆ ಆಪಾ ಎನ್ನುತ್ತಿದ್ದೆ. ನಲವತ್ತರ ಸುತ್ತಿನ ವಯಸ್ಸು. ಒಬ್ಬಳೇ ಮಗಳನ್ನು ಸೇಡಮ್ಮಿಗೆ ಕೊಟ್ಟಿದ್ದಳು.

ಆಪಾ ಭಾಳ ದಪ್ಪ ಇದ್ದಳು. ನಮ್ಮ ದವಾಖಾನೆಯ ತೂಕದ ಯಂತ್ರದ ಮುಳ್ಳು ನೂರಾ ಇಪ್ಪತ್ತಕ್ಕೆ ಮುಗಿಯುತ್ತಿತ್ತು, ಆಪಾ ಹತ್ತಿದರೆ ಅದು ಕೊನೆಗೆ ಹೋಗಿ ಬಡಿದು ನಿಲ್ಲುತ್ತಿತ್ತು. ಒಂದು ದಿನ ಅಡತಿಯ ಅಂಗಡಿಯಲ್ಲಿ ನೂರು ಕಿಲೋದ ತೊಗರಿ ಚೀಲ ತೂಗುವ ಕಾಟಾದ ಮೇಲೆ ನಿಂತು ತೂಗಿಸಿಕೊಂಡು ಬಂದಳು. “ಒಂದು ಚೀಲ ತೊಗರಿ, ಮ್ಯಾಲ ಮೂವತ್ತು ಕಿಲೋ ಆಗ್ಯಾದ ನೋಡ್ರಿ,” ಎಂದು ತಾನೇ ಎಲ್ಲರಿಗಿಂತ ಮೊದಲು ನಕ್ಕಳು. ಅವಳ ನಗುವೇ ಹಾಗೆ, ಮಂದಿಗೆ ನಗಲು ಅವಕಾಶ ಕೊಡುತ್ತಿರಲಿಲ್ಲ.

ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳ ತಮ್ಮ ವಾರ್ಡ್ ಬಾಯ್ ಆಗಿದ್ದ. ಅಲ್ಲಿಯ ಡಾಕ್ಟರೊಬ್ಬರು ದಪ್ಪ ಮಂದಿಯ ಹೊಟ್ಟೆಯೊಳಗಿನ ಚೀಲವನ್ನು ಹೊಲಿದು ಸಣ್ಣದು ಮಾಡುತ್ತಾರೆ, ಹೊಸ ಇಲಾಜು, ಬಡವರಿಗೆ ಬಿಟ್ಟಿ ಮಾಡುತ್ತಾರೆ ಎಂದು ಬರೆದಿದ್ದ. ಪತ್ರ ಹಿಡಿದು ಆಪಾ ನನ್ನ ಕೋಣೆಗೆ ಬಂದಳು. ನನಗೆ ಹೆದರಿಕೆಯಾಯಿತು. ಅಷ್ಟು ದೂರ ಹೋಗಿ ಹೊಟ್ಟೆ ಕೊಯ್ಸಿಕೊಳ್ಳುವಂಥದ್ದು ಏನಾಗಿದೆ ಎಂದು ಕೇಳಿದೆ.

“ಖರೆ ಹೇಳ್ಲೇನ್ರಿ ನರ್ಸಬಾಯಿ? ಚಂದ ಕಾಣ್ಬೇಕಂತ ಅಲ್ಲ,” ಎಂದಳು. “ಬಯಲಕಡಿ ಹೋದ್ರ ಮೊಣಕಾಲು ಕುಂದ್ರಲಾಕ ಕೊಡಂಗಿಲ್ಲ. ಕುಂತ್ರ ಏಳ್ಲಾಕ ಬರಂಗಿಲ್ಲ. ಇಬ್ಬರು ಹೆಣ್ಮಕ್ಳು ರಟ್ಟಿ ಹಿಡ್ದು ಎಬ್ಬಸಬೇಕು. ದಿನಾ ಯಾರಿಗಿ ಕರೀಲಿ? ಹ್ವಾದ ತಿಂಗಳ ಒಬ್ಬಾಕೀನೇ ಹೋಗಿ, ಏಳ್ಲಾಕ ಬರ್ದ ಬೆಳಕ ಹರಿಯೋತನ ಹಂಗೇ ಕುಂತಿದ್ದೆ. ಎತ್ತ ಹೊಡ್ಕೊಂಡ ಗಂಡ್ಸೂರು ಬರ್ಲಾಕತ್ತಿದ್ರು. ಸೆರಗು ಮುಖಕ್ಕ ಹಾಕ್ಕೊಂಡ ಕುಂತೆ. ಆವತ್ತೇ ಸಾಯ್ಬೇಕಿತ್ತು.”

ಆಗ ನಮ್ಮ ಕಡೆ ಯಾವ ಮನೆಗೂ ಪಾಯಿಖಾನೆ ಇರಲಿಲ್ಲ. ಹೆಂಗಸರಿಗೆ ನಸುಕಿನಲ್ಲೊಮ್ಮೆ, ಸಂಜೆ ಕತ್ತಲಾದ ಮೇಲೊಮ್ಮೆ. ನಡುವೆ ಏನೇ ಬಂದರೂ ತಡೆದುಕೊಳ್ಳಬೇಕು. ಹೋಗಿ ಬಾ ಎಂದೆ.

ಸಂಕ್ರಾಂತಿ ಆದ ಮೇಲೆ ಹೋದ ಗಂಡ ಹೆಂಡತಿ ಹೋಳಿಯ ಹೊತ್ತಿಗೆ ಮರಳಿದರು. ಆಪಾ ಇಳಿದಿದ್ದಳು, ಗಲ್ಲ ಜೋತಿದ್ದವು, ಎದೆಯ ಕೆಳಗಿನಿಂದ ಹೊಕ್ಕುಳದ ತನಕ ಹೊಲಿಗೆಯ ಗುರುತು. ಬಂದ ಮೂರನೆಯ ದಿನ ನಸುಕಿನಲ್ಲಿ ಹಳ್ಳದ ದಂಡೆಯಲ್ಲಿ, ಇಪ್ಪತ್ತು ಮಾರು ಆಚೆಯ ಜಾಲಿಗಿಡಗಳ ಹಿಂದಿನಿಂದ, ಎಲ್ಲರಿಗೂ ಕೇಳಿಸುವಂತೆ ಕೂಗಿದಳು.

“ನರ್ಸಬಾಯೀ! ನಾ ಒಬ್ಬಾಕೀನೇ ಎದ್ದೆ!”

ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಕೂತಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಆ ಇಡೀ ಬೇಸಿಗೆಯಲ್ಲಿ ಮನಸ್ಸು ತುಂಬಿ ನಕ್ಕದ್ದು ಅದೊಂದೇ ಸಲ.

ಮುಂಬಯಿಯಿಂದ ಒಂದು ಚೀಟಿ ತಂದಿದ್ದಳು. ಇಂಗ್ಲಿಷಿನಲ್ಲಿ, ಡಾಕ್ಟರ ಕೈಬರಹದಲ್ಲಿ. ಸ್ವಲ್ಪ ಸ್ವಲ್ಪ ಉಣ್ಣಬೇಕು, ಊಟದ ಜೊತೆ ನೀರು ಕುಡಿಯಬಾರದು, ಕಬ್ಬಿಣದ ಗುಳಿಗೆ ನುಂಗಬೇಕು. ಇಷ್ಟು ನನಗೆ ತಿಳಿಯಿತು, ಉಳಿದದ್ದು ಓದಲಾಗಲಿಲ್ಲ. ಊಟದ ಜೊತೆ ನೀರು ಬೇಡ ಎಂದದ್ದನ್ನು ಆಪಾ ನೀರೇ ಬೇಡ ಎಂದು ಹಿಡಿದಳು. ಹಿಡಿಯಲು ಕಾರಣವೂ ಇತ್ತು. ಮೊದಲಿನ ಹಾಗೆ ತಂಬಿಗೆ ಎತ್ತಿ ಗಟಗಟ ಕುಡಿದರೆ ಹೊಟ್ಟೆ ಹಿಡಿದುಕೊಂಡು, ಕುಡಿದದ್ದೆಲ್ಲ ಹೊರಗೆ ಬರುತ್ತಿತ್ತು. ನೀರಿಗೆ ಹೆದರಿದಳು. ಊಟವೆಂದರೆ ಎರಡು ಚಮಚ ಅನ್ನ, ಬೇಳೆಯ ಕಟ್ಟು. ಮುಖ ಬೆಳ್ಳಗಾಗುತ್ತಿದೆಯೆಂದು ನಾನು ದವಾಖಾನೆಯಲ್ಲಿ ಬಸುರಿಯರಿಗೆಂದು ಇದ್ದ ಕಬ್ಬಿಣದ ಗುಳಿಗೆಗಳನ್ನೂ ಕೊಟ್ಟೆ. ಅದನ್ನು ನುಂಗಿದ ಬಸುರಿಯರು ಹೊಟ್ಟೆ ಕಟ್ಟಿತೆಂದು ನನ್ನ ಹತ್ತಿರವೇ ಬಂದು ಅಳುತ್ತಿದ್ದರು. ಗೊತ್ತಿದ್ದೂ ಕೊಟ್ಟೆ. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಿಗೆ ಬರಬೇಕಲ್ಲ, ಬರಲಿಲ್ಲ.

ಯುಗಾದಿ ಕಳೆದು ಬಿಸಿಲು ಏರಿತು. ಫರಸಿ ಹೊದಿಸಿದ ಮಾಳಿಗೆಗಳು ಹಂಚಿನಂತೆ ಕಾದವು. ಒಂದು ದಿನ ಆಪಾ ಒಲೆಯ ಮುಂದಿನಿಂದ ಎದ್ದು ಬಂದು ಕಿವಿಯಲ್ಲಿ ಹೇಳಿದಳು.

“ಎಂಟು ದಿನ ಆತ್ರಿ.”

“ಏನು ಎಂಟು ದಿನ?”

“ಬಯಲಕಡಿ. ದಿನಾ ಹೋಗ್ತೀನಿ, ಕುಂದ್ರತೀನಿ, ಏಳ್ತೀನಿ. ಏನೂ ಆಗಂಗಿಲ್ಲ.”

ಅಲ್ಲಿಂದ ಶುರುವಾಯಿತು. ಊರಿನ ಪ್ರತಿ ಹೆಂಗಸಿನ ಹತ್ತಿರವೂ ಒಂದೊಂದು ಮದ್ದಿತ್ತು. ಬಿಸಿ ಹಾಲಿನಲ್ಲಿ ತುಪ್ಪ ಕುಡಿದಳು, ಒಣದ್ರಾಕ್ಷಿ ನೆನೆಹಾಕಿ ತಿಂದಳು, ಹುಣಸೆ ಹುಳಿ ಕುಡಿದಳು. ಯಾರೋ ಇಸಬಗೋಲು ಅಂದರು. ಅದು ನೀರು ಕುಡಿದು ಉಬ್ಬುವಂಥದ್ದು. ಆಪಾಳ ಆ ಮುಷ್ಟಿಯಷ್ಟು ಹೊಟ್ಟೆಯಲ್ಲಿ ಉಬ್ಬಿ ಅಲ್ಲೇ ಕೂತಿತು. ಎರಡು ದಿನ ಉಗುಳನ್ನೂ ನುಂಗಲಾಗದೆ ಒದ್ದಾಡಿದಳು. ಔಡಲೆಣ್ಣೆ ನಾನೇ ಕೊಟ್ಟೆ. ಅದು ಹೊಟ್ಟೆಯನ್ನು ಹಿಂಡಿತು, ವಾಂತಿ ಮಾಡಿಸಿತು, ಬೇಕಾದ ಕಡೆಗೆ ಮಾತ್ರ ದಾರಿ ಮಾಡಲಿಲ್ಲ.

ನಮ್ಮ ಡಾಕ್ಟರು ಒಳ್ಳೆಯವರು. ಹೊಟ್ಟೆ ಮುಟ್ಟಿ ನೋಡಿ, ಚೀಟಿ ಓದಿ, ನನ್ನನ್ನು ಆಚೆ ಕರೆದು ಹೇಳಿದರು. “ಈ ಆಪರೇಷನ್ ನಾನು ಪುಸ್ತಕದಲ್ಲೂ ಸರಿಯಾಗಿ ಓದಿಲ್ಲಮ್ಮ. ಒಳಗೆ ಏನನ್ನು ಯಾವುದಕ್ಕೆ ಹೊಲಿದಿದ್ದಾರೋ! ಗುಲಬರ್ಗಾಕ್ಕೆ ಕಳಿಸು.” ಗುಲಬರ್ಗಾದಲ್ಲಿ ಫೋಟೋ ತೆಗೆದು, ಕರುಳು ಎಲ್ಲಿಯೂ ಮುಚ್ಚಿಲ್ಲ, ಆಪರೇಷನ್ ಮಾಡಿದವರ ಹತ್ತಿರವೇ ಹೋಗಿ ಎಂದು ಕಳಿಸಿದರು. ಮುಂಬಯಿಗೆ ನಾನೇ ಪತ್ರ ಬರೆದೆ. ತಿಂಗಳಿಗೆ ಆಪಾಳ ತಮ್ಮನ ಉತ್ತರ ಬಂತು. ಆ ದೊಡ್ಡ ಡಾಕ್ಟರು ಪರದೇಶಕ್ಕೆ ಹೋಗಿದ್ದಾರೆ, ಬೇರೆಯವರು ನೋಡುತ್ತಾರೆ, ಕರೆದುಕೊಂಡು ಬನ್ನಿ ಎಂದು.

ಅಷ್ಟರಲ್ಲಿ ನಾವಿಬ್ಬರೂ ಒಂದು ರೂಢಿಗೆ ಬಿದ್ದಿದ್ದೆವು. ವಾರಕ್ಕೊಮ್ಮೆ ಮಧ್ಯಾಹ್ನ ಹೋಟೆಲಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ನಾನು ಎನಿಮಾ ಡಬ್ಬಿ, ರಬ್ಬರ್ ನಳಿಗೆ, ಸಾಬೂನು ಹಿಡಿದು ಅವಳ ಮನೆಗೆ ಹೋಗುತ್ತಿದ್ದೆ. ಇಮಾಮಸಾಬರು ಓಣಿಯ ತುದಿಯಲ್ಲಿ ನಿಂತು ಯಾರೂ ಬರದಂತೆ ಕಾಯುತ್ತಿದ್ದರು. ಬಚ್ಚಲಿನಲ್ಲಿ ಹಳೆಯ ಗೋಣಿ ಹಾಸಿ ಆಪಾ ಎಡಮಗ್ಗುಲಾಗಿ ಮಲಗುತ್ತಿದ್ದಳು. ಸಾಬೂನಿನ ಉಗುರುಬೆಚ್ಚನೆಯ ನೀರು ನಿಧಾನವಾಗಿ ಇಳಿಯುವಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಾತಾಡುತ್ತಲೇ ಇರುತ್ತಿದ್ದಳು. ಮಗಳ ಸುದ್ದಿ, ಬಸ್ಸಿನವರ ಸುದ್ದಿ. ಮಾತು ನಿಲ್ಲಿಸಿದರೆ ನಾಚಿಕೆ ಬಂದು ಕೂತುಬಿಡುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಮೊದಮೊದಲು ಗುಣ ಸಿಕ್ಕಿತು. ಆಮೇಲೆ ಹಾಕಿದ ನೀರಷ್ಟೇ ಹೊರಗೆ ಬರತೊಡಗಿತು.

ಆ ವರ್ಷ ರಂಜಾನ್ ಉರಿಬಿಸಿಲಿನಲ್ಲಿ ಬಂತು. ಆಪಾ ರೋಜಾ ಉಪವಾಸ ಹಿಡಿಯುತ್ತಾಳೆಂದು ಇಮಾಮಸಾಬರು ನನ್ನ ಹತ್ತಿರ ಓಡಿ ಬಂದರು.

“ನೀವಾರ ಹೇಳ್ರಿ ಬಾಯಿ. ಮಸೀದಿ ಹಜರತ್ರಿಗೀ ಕೇಳ್ಕೊಂಡ ಬಂದೀನಿ. ಬೀಮಾರ ಇದ್ದಾಕಿಗಿ ಮಾಫಿ ಅದ, ಬ್ಯಾಡ ಅಂತ ಹೇಳು ಅಂದಾರ. ನನ್ನ ಮಾತು ಕೇಳವಲ್ಲಳು.”

ನಾನು ಹೋದಾಗ ಆಪಾ ಸಂಜೆಯ ಭಜಿಗೆ ಹಿಟ್ಟು ಕಲೆಸುತ್ತಿದ್ದಳು. ತುಟಿ ಒಡೆದು ಬಿಳಿ ಪದರು ಎದ್ದಿತ್ತು. ಹಗಲೆಲ್ಲ ಹನಿ ನೀರಿಲ್ಲದೆ ಇದ್ದರೆ ಒಳಗಿನದು ಕಲ್ಲಾಗುತ್ತದೆ ಎಂದು ಬೈದೆ. ಅವಳು ಹಿಟ್ಟಿನ ಮೇಲಿನ ಕಣ್ಣು ತೆಗೆಯದೆ ಹೇಳಿದಳು.

“ಹೋಳಿಯಿಂದ ಎಲ್ಲಾರೂ ಮನ್ಯಾಗ ಉಣ್ಣಾಕ ಕುಂದ್ರತಾರ, ನಾ ಒಬ್ಬಾಕಿ ನೋಡ್ಕೋತ ಕುಂದ್ರತೀನಿ. ‘ಯಾಕ ತಿನ್ನವಲ್ಲಿ, ಏನಾಗ್ಯಾದ’ ಅಂತ ಕೇಳ್ತಾರ. ಈ ತಿಂಗಳ ಯಾರೂ ತಿನ್ನಂಗಿಲ್ಲ, ಯಾರೂ ನೀರ ಕುಡ್ಯಂಗಿಲ್ಲ. ಹಗಲೆಲ್ಲ ನಾನೂ ಅವ್ರಂಗೇ ಇರ್ತೀನಿ. ಇದೊಂದ ತಿಂಗಳ ಬಿಡ್ರಿ ನನಗ.”

ನಾನು ದವಾಖಾನೆಗೆ ತಿರುಗಿ ಬಂದೆ. ಕೈ ಹಿಡಿದು ಬಿಡಿಸಬೇಕಿತ್ತು, ದಿನಾ ಹೋಗಿ ಜಗಳ ಮಾಡಬೇಕಿತ್ತು. ಇಪ್ಪತ್ನಾಲ್ಕರ ಹುಡುಗಿಗೆ ಅವಳ ಆ ಮಾತಿನ ಮುಂದೆ ಬಾಯಿ ಬರಲಿಲ್ಲ.

ಹಬ್ಬದ ಹಿಂದಿನ ದಿನಕ್ಕೆ, ಏನೂ ಆಗದೆ ಹದಿನೇಳು ದಿನವಾಗಿತ್ತು. ಹೊಟ್ಟೆ ಉಬ್ಬಿ ಹಲಗೆಯಂತಾಗಿತ್ತು. ನಳಿಗೆ ಒಳಗೇ ಹೋಗಲಿಲ್ಲ. ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಬೆರಳಿನಿಂದ ಒಡೆದು ತೆಗೆದೆ. ಟ್ರೇನಿಂಗಿನಲ್ಲಿ ಒಂದು ಸಲ ನೋಡಿದ್ದೆ, ಮಾಡಿರಲಿಲ್ಲ. ಎರಡು ತಾಸು ಹಿಡಿಯಿತು. ಆಪಾ ಸೆರಗು ಬಾಯಲ್ಲಿ ತುರುಕಿಕೊಂಡಿದ್ದಳು. ಆವತ್ತು ಮಾತಿರಲಿಲ್ಲ. ಮುಗಿದ ಮೇಲೆ ನನ್ನ ಕೈಗೆ ಅವಳೇ ನೀರು ಹಾಕಿದಳು, ತಿರುತಿರುಗಿ ಸಾಬೂನು ಹಚ್ಚಿ ನನ್ನ ಬೆರಳು ಒಂದೊಂದನ್ನೇ ತಿಕ್ಕಿದಳು.

“ಸಾಕು ಬಿಡು ಆಪಾ.”

“ಇಲ್ಲ ತಂಗಿ,” ಎಂದಳು. ಮೊದಲ ಸಲ ನರ್ಸಬಾಯಿ ಅನ್ನದೆ ತಂಗಿ ಎಂದಳು. “ನನ್ನ ಮಗಳ ಕೈಲೇನೂ ಇದು ಮಾಡಿಸ್ಕೋತಿದ್ದಿಲ್ಲ.”

ಹಬ್ಬ ಆದ ವಾರಕ್ಕೆ ಮಳೆ ಬಿತ್ತು. ಕರಿಮಣ್ಣು ಕಾಲಿಗೆ ಹತ್ತುವ ಒಂದು ಮುಂಜಾನೆ ಮೂವರೂ ಬಸ್ಸಿನಲ್ಲಿ ವಾಡಿಗೆ ಹೋದೆವು. ತಮ್ಮ ಬರೆದಂತೆ ಅವರಿಬ್ಬರನ್ನೂ ಮುಂಬಯಿ ಗಾಡಿ ಹತ್ತಿಸಿ ಬರಲು ನಾನು ಒಂದು ದಿನ ರಜೆ ಹಾಕಿದ್ದೆ. ಹೋಟೆಲಿಗೆ ಬೀಗ ಹಾಕಿ, ಒಂದು ಟ್ರಂಕು, ಒಂದು ಚಾದರ ತಂದಿದ್ದರು. ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ಸಿಮೆಂಟು ಕಾರ್ಖಾನೆಯ ಬೂದಿ ಮಳೆನೀರಿನಲ್ಲಿ ಕಲೆತು ಹರಿಯುತ್ತಿತ್ತು. ಗಾಡಿ ಬರಲು ಕಾಲು ತಾಸು ಇರುವಾಗ ಆಪಾ ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಬಂದಂಗ ಆಗ್ಲಾಕತ್ತದ.”

“ಏನು?”

“ಅದೇ. ಖರೆನೇ ಬಂದಂಗ ಆಗ್ಲಾಕತ್ತದ. ಎಷ್ಟು ದಿನದ ಮ್ಯಾಲ!”

ಹೆಂಗಸರ ಪಾಯಿಖಾನೆಗೆ ಕರೆದುಕೊಂಡು ಹೋದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹೊರಗೆ ನಿಂತೆ. ಗಾಡಿ ಬಂತು. ಬಾಗಿಲು ಬಡಿದೆ.

“ಆಪಾ, ಗಾಡಿ ಬಂತು.”

“ಒಂದ್ ಜರಾ ತಡಿ ತಂಗಿ. ಬರ್ಲಾಕತ್ತದ.”

ಇಮಾಮಸಾಬರು ಟ್ರಂಕು ಹೊತ್ತು ರೈಲು ಡಬ್ಬಿಯ ಬಾಗಿಲಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದರು. ವಾಡಿಯಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಮತ್ತೆ ಬಡಿದೆ, ಮತ್ತೆ ಬಡಿದೆ. “ಈಗ ಎದ್ರ ಮತ್ತ ಬರಂಗಿಲ್ಲ. ನನಗ ಗೊತ್ತದ, ಎದ್ರ ಬರಂಗಿಲ್ಲ,” ಎಂದು ಒಳಗಿನಿಂದ ಅಳುತ್ತ ಹೇಳುತ್ತಿದ್ದಳು. ಗಾರ್ಡು ಸೀಟಿ ಊದಿದ. ಇಮಾಮಸಾಬರು ಟ್ರಂಕು ಸಮೇತ ಕೆಳಗೆ ಹಾರಿದರು. ಗಾಡಿ ಹೋಯಿತು.

ಗಾಡಿ ಹೋಗಿ ಅರ್ಧ ತಾಸಾದ ಮೇಲೆ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡು ಬಂದಿದ್ದಳು. ಇಮಾಮಸಾಬರೇ ಕೇಳಿದರು.

“ಆತೇನು?”

ಇಲ್ಲ ಎಂದು ತಲೆ ಆಡಿಸಿದಳು.

ಮರುದಿನದ ಗಾಡಿಗೆ ಹೋಗೋಣ, ಇಲ್ಲೇ ಮುಸಾಫಿರಖಾನೆಯಲ್ಲಿ ಇರೋಣ ಎಂದು ಇಮಾಮಸಾಬರು ಗೋಗರೆದರು. ಆಪಾ ಒಪ್ಪಲಿಲ್ಲ. ಒಂದು ಹಗಲು, ಒಂದು ರಾತ್ರಿ ಗಾಡಿಯಲ್ಲಿ ಮಂದಿಯ ನಡುವೆ ಕೂತು, ಅಲ್ಲಿ ಹೋಗಿ ಮತ್ತೆ ಯಾರ ಯಾರ ಮುಂದೋ ಬಟ್ಟೆ ಎತ್ತಿ ಮಲಗುವುದು ತನ್ನಿಂದ ಆಗದು ಎಂದಳು. ಸಂಜೆಯ ಬಸ್ಸಿಗೆ ಮೂವರೂ ಕಾಳಗಿಗೆ ತಿರುಗಿ ಬಂದೆವು.

ಶ್ರಾವಣದಲ್ಲಿ ನನಗೆ ಚಿಂಚೋಳಿ ತಾಲೂಕಿನ ಕೊಡ್ಲಿಗೆ ಬದಲಿಯಾಯಿತು. ನನ್ನ ಜಾಗಕ್ಕೆ ಯಾರೂ ಬರುವವರಿರಲಿಲ್ಲ. ಹೋಗುವ ಹಿಂದಿನ ದಿನ ಇಮಾಮಸಾಬರನ್ನು ಕರೆದು ಎನಿಮಾ ಹಾಕುವುದನ್ನು ಕಲಿಸಿದೆ. ನಮ್ಮ ಸೀಮೆಯಲ್ಲಿ ಗಂಡಸು ಹೆಂಡತಿಯ ಹೆರಿಗೆಯ ಬಾಗಿಲನ್ನೂ ದಾಟುತ್ತಿರಲಿಲ್ಲ. ಅವರು ಬಚ್ಚಲಿನಲ್ಲಿ ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂತು, ನೀರು ಎಷ್ಟು ಬೆಚ್ಚಗಿರಬೇಕು, ಡಬ್ಬಿ ಎಷ್ಟು ಎತ್ತರ ಹಿಡಿಯಬೇಕು, ನಳಿಗೆಯ ಗಾಳಿ ಹೇಗೆ ತೆಗೆಯಬೇಕು, ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರು. ಆಪಾ ಗೋಡೆಯ ಕಡೆ ಮುಖ ಮಾಡಿ, “ಚಹಾ ಸೋಸಿದಂಗೇ ಅದ, ಹೆದರಬ್ಯಾಡ್ರಿ,” ಎಂದಳು. ಇಮಾಮಸಾಬರು ನಗಲು ನೋಡಿದರು, ಆಗಲಿಲ್ಲ, ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

ಕೊಡ್ಲಿಯಿಂದ ಎರಡು ಸಲ ಬಂದು ನೋಡಿ ಹೋದೆ. ಎರಡನೆಯ ಸಲ ಆಪಾ ಹಾಸಿಗೆಯಲ್ಲೇ ಇದ್ದಳು. ನನ್ನನ್ನು ನೋಡಿ ಮೊದಲು ಹೇಳಿದ್ದು ಲೆಕ್ಕವನ್ನೇ. “ಒಂಬತ್ತು.” ಆಮೇಲೆ ಕುಂದ್ರು ಎಂದಳು.

ತೊಗರಿ ರಾಶಿಯ ಕಾಲಕ್ಕೆ ಇಮಾಮಸಾಬರು ಒಂದು ಮಧ್ಯಾಹ್ನ ಕೊಡ್ಲಿಯ ದವಾಖಾನೆಗೆ ಬಂದರು. ಬಾಗಿಲಲ್ಲಿ ನಿಂತ ರೀತಿಗೇ ನನಗೆ ತಿಳಿಯಿತು. ಒಳಗೆ ಕೂರಿಸಿ ನೀರು ಕೊಟ್ಟೆ. ಹದಿನೈದು ದಿನದ ಹಿಂದೆ ನಸುಕಿನಲ್ಲಿ ಹೊಟ್ಟೆ ಹಿಡಿದು ಬಿದ್ದಳಂತೆ. ಬಾಯಿಂದ ಹಸಿರು ವಾಂತಿ. ತೊಗರಿ ಹೇರಿಕೊಂಡು ಗುಲಬರ್ಗಾಕ್ಕೆ ಹೊರಟಿದ್ದ ಲಾರಿಯಲ್ಲಿ ಚೀಲಗಳ ಮೇಲೆ ಮಲಗಿಸಿ ಕರೆದೊಯ್ದರಂತೆ. ಜೀವಂತ ಗುಲಬರ್ಗಾ ಮುಟ್ಟಲಿಲ್ಲ.

“ಡ್ರೈವರ್ ಲಾರಿ ನಿಂದ್ರಸಿ ಟೋಪಿ ತಗ್ದ,” ಎಂದರು. “ದಿನಾ ನಮ್ಮಲ್ಲೇ ಭಜಿ ತಿಂತಿದ್ದಂವ.”

ಹೊರಗೆ ಬಾಣಂತಿಯೊಬ್ಬಳು ಕೂಸು ಹೊತ್ತು ಸೂಜಿಗೆಂದು ಕಾಯುತ್ತಿದ್ದಳು. ಅವಳಿಗೆ ಕೇಳಿಸದಂತೆ ಇಮಾಮಸಾಬರು ದನಿ ತಗ್ಗಿಸಿದರು.

“ಬಾಯಿ, ಒಂದು ಕೇಳ್ಲಾಕ ಬಂದೀನಿ. ಹಿಂದಿನ ದಿನ ನಾನೇ ನೀರು ಹಾಕಿದ್ದೆ. ಡಬ್ಬಿ ಮ್ಯಾಲ ಹಿಡಿದ್ನೋ ಏನೋ. ಇಲ್ಲಾ ನೀರು ಸುಡೋದಿತ್ತೋ. ನನ್ನ ಕೈಲೆ ಏನಾರ ತಪ್ಪಾಗ್ಯಾದೇನ್ರಿ?”

“ಇಲ್ಲ ಭಾಯಿ,” ಎಂದೆ. “ನಿಮ್ಮ ಕೈಲೆ ಏನೂ ತಪ್ಪಾಗಿಲ್ಲ.”

“ಖರೇನಾ?”

“ಖರೆ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ಎದ್ದು, ಬಾಣಂತಿಯ ಕೂಸಿನ ತಲೆ ಸವರಿ, ಬಸ್ಸಿಗೆ ಹೋದರು. ನಾನು ಸೂಜಿ ಕುದಿಸಲು ಒಲೆ ಹಚ್ಚಿದೆ. ಅವರಿಗೆ ಕೇಳಲು ನಾನಾದರೂ ಇದ್ದೆ. ಗುಳಿಗೆ ಕೊಟ್ಟವಳು, ಎಣ್ಣೆ ಕುಡಿಸಿದವಳು, ರಂಜಾನಿನಲ್ಲಿ ಬಾಯಿ ಮುಚ್ಚಿಕೊಂಡವಳು ನಾನು. ಅದೇ ಮಾತನ್ನು ಕೇಳಲು ನನಗೆ ಯಾರೂ ಇರಲಿಲ್ಲ. ಬಾಣಂತಿಗೆ ಸೂಜಿ ಹಾಕಿದೆ, ರಿಜಿಸ್ಟರಿನಲ್ಲಿ ಹೆಸರು ಬರೆದೆ, ಮುಂದಿನವಳನ್ನು ಕರೆದೆ.